ವಸ್ತಾದನಿಲ್ಲದ ತಾಲೀಮು

ಬೆಳಗಾವಿಯ ತಿಲಕವಾಡಿಯಲ್ಲಿ ಫಸ್ಟ್ ಗೇಟ್, ಸೆಕೆಂಡ್ ಗೇಟ್, ಥರ್ಡ್ ಗೇಟ್ ಎಂದರೆ ಸಾಕು, ವಿಳಾಸ ಹೇಳಿದಂತೆಯೇ. ಮೂರೂ ರೈಲ್ವೆ ಗೇಟಿನ ಹೆಸರುಗಳು. ಮ್ಯಾಪಿನಲ್ಲಿ ಹಳಿ ಒಂದು ಗೀರು ಅಷ್ಟೆ. ಗೇಟು ಬಿದ್ದಾಗ ಡಬ್ಬಿಯಲ್ಲಿ ಆರುವ ಬಿರಿಯಾನಿ ಮ್ಯಾಪಿಗೆ ಕಾಣುವುದಿಲ್ಲ.

ಜಾಂಬೋಟಿ ಕಡೆಯಿಂದ ಬೈಕಿನಲ್ಲಿ ಬಂದು ಬೆನ್ನಿಗೆ ಫುಡ್ ಡೆಲಿವರಿ ಬ್ಯಾಗು ಏರಿಸುವ ಹುಡುಗನಿಗೆ ರಸ್ತೆ ಹೊಸದಲ್ಲ. ಊರಿಂದ ಅತ್ತ ಚೋರ್ಲಾ ಘಾಟ್ ಇಳಿದರೆ ಗೋವಾ, ಇತ್ತ ಬಂದರೆ ಬೆಳಗಾವಿ. ಖಾನಾಪುರದ ಕಾಡುಮಳೆಯಲ್ಲಿ ಗಾಡಿ ಓಡಿಸಿದ ಕೈ ಅವನದು. ಅವನು ಕಲಿಯಬೇಕಾದ್ದು ಗಲ್ಲಿಯನ್ನು. ಯಾವ ಹೋಟೆಲು 'ರೆಡಿ' ಎಂದು ಒತ್ತಿದ ಮೇಲೆ ಒಗ್ಗರಣೆ ಹಾಕುತ್ತದೆ, ಯಾವ ಅಪಾರ್ಟ್‌ಮೆಂಟಿನ ವಾಚ್‌ಮನ್ ಲಿಫ್ಟ್ ಹತ್ತಲು ಬಿಡುವುದಿಲ್ಲ, ಮೊಬೈಲಿಗೆ ಮಳೆಗಾಲದಲ್ಲಿ ಎಂಥ ಪ್ಲಾಸ್ಟಿಕ್ ಸುತ್ತಿದರೆ ಬೆರಳು ಓಡುತ್ತದೆ. ಮಾತೂ ಕಲಿಕೆಯೇ. ಒಂದು ಬಾಗಿಲಲ್ಲಿ 'ಅಕ್ಕಾರ', ಪಕ್ಕದ ಬಾಗಿಲಲ್ಲಿ ಮರಾಠಿಯ 'ಕಾಕೂ', ಕ್ಯಾಂಪಿನಲ್ಲಿ ಹಿಂದಿ. ರೇಟಿಂಗಿನ ಸ್ಟಾರು ಬೀಳುವುದು ಬಹಳ ಸಲ ಈ ಒಂದು ಶಬ್ದದ ಮೇಲೆ.

ಇದನ್ನೆಲ್ಲ ಆ್ಯಪ್ ಕಲಿಸುವುದಿಲ್ಲ. ಹೋಟೆಲಿನ ಮುಂದೆ ಆರ್ಡರಿಗೆ ಕಾಯುತ್ತ ಬೈಕಿಗೆ ಒರಗಿದ ಹಳಬ ಕಲಿಸುತ್ತಾನೆ: "ಗೇಟ್ ಬಿದ್ದೈತಿ ದಾದಾ, ಸುತ್ತ್ ಹಾಕ್ಕೊಂಡ್ ಹೋಗು." ವಿಚಿತ್ರವೆಂದರೆ ಮುಂದಿನ ಆರ್ಡರಿಗೆ ಅವರಿಬ್ಬರೂ ಎದುರಾಳಿಗಳು.

ಕುಸ್ತಿಯ ಸೀಮೆ ಇದು. ತಾಲೀಮಿನಲ್ಲಿ ಕಾಲು ತಪ್ಪಿಟ್ಟರೆ ಕಲಿಸುವ ವಸ್ತಾದ ಗದರುತ್ತಾನೆ, ಆದರೆ ತಪ್ಪು ಯಾವುದೆಂದು ತೋರಿಸುತ್ತಾನೆ. ಆ್ಯಪ್ ರೇಟಿಂಗ್ ಇಳಿಸುತ್ತದೆ, ಕಾರಣ ಹೇಳುವುದಿಲ್ಲ. ಉದ್ಯಮಬಾಗದ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿದವನಿಗೆ 1961ರ ಕಾಯ್ದೆಯಡಿ ಸ್ಟೈಪೆಂಡ್ ಉಂಟು, ಕೊನೆಗೊಂದು ಸರ್ಟಿಫಿಕೇಟೂ ಉಂಟು. ಈ ಹುಡುಗನ ಕಲಿಕೆಯ ಖರ್ಚೆಲ್ಲ ಅವನದೇ: ದಾರಿ ತಪ್ಪಿ ಸುಟ್ಟ ಪೆಟ್ರೋಲು, ಕೈತಪ್ಪಿದ ಇನ್ಸೆಂಟಿವ್. ಇದನ್ನು 'ಕೌಶಲವಿಲ್ಲದ ಕೆಲಸ' ಎನ್ನುವವರು ಒಂದು ಸಂಜೆ ಖಡೇಬಜಾರಿನಲ್ಲಿ ಬೈಕು ನುಗ್ಗಿಸಿ ನೋಡಲಿ.

ನೀತಿ ಆಯೋಗ 2022ರಲ್ಲಿ ಕೊಟ್ಟ ಲೆಕ್ಕದಂತೆ 2020-21ರಲ್ಲಿ ದೇಶದಲ್ಲಿದ್ದ ಇವನಂಥ ಗಿಗ್ ಕಾರ್ಮಿಕರು 77 ಲಕ್ಷ; 2029-30ಕ್ಕೆ 2.35 ಕೋಟಿ ಆಗುವ ಅಂದಾಜು. ಕರ್ನಾಟಕ 2025ರಲ್ಲಿ ಇವರಿಗಾಗಿಯೇ ಕಾಯ್ದೆ ತಂದಿತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಶೇ 1ರಿಂದ 5ರಷ್ಟನ್ನು ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಕೆಲಸದಿಂದ ತೆಗೆಯುವುದಾದರೆ ಕಾರಣ ಕೊಟ್ಟು 14 ದಿನ ಮೊದಲೇ ತಿಳಿಸಬೇಕು. ರೇಟಿಂಗ್ ಹೇಗೆ ಲೆಕ್ಕ ಹಾಕುತ್ತಾರೆಂದು ಕೇಳುವ ಹಕ್ಕೂ ಈಗ ಇದೆ. ಆ್ಯಪ್ ಎಂಬ ವಸ್ತಾದ ಬಾಯಿ ಬಿಡಬೇಕಾದ ಕಾಲ ಬಂತು ಎನ್ನೋಣ.

ಕಲಿತದ್ದಕ್ಕೆ ಪುರಾವೆ ಮಾತ್ರ ಇನ್ನೂ ಇಲ್ಲ. ಒಂದು ಆ್ಯಪ್ ಬಿಟ್ಟು ಇನ್ನೊಂದಕ್ಕೆ ಹೋದ ದಿನ ಅವನು ಮತ್ತೆ ಹೊಸಬ, ಸ್ಟಾರೆಲ್ಲ ಹಳೆಯ ಆ್ಯಪಿನಲ್ಲೇ ಉಳಿದಿರುತ್ತವೆ. ಸೆಕೆಂಡ್ ಗೇಟು ಯಾವ ರೈಲಿಗೆ ಎಷ್ಟು ಹೊತ್ತು ಬೀಳುತ್ತದೆ ಎಂಬುದಷ್ಟೇ ಅವನ ಜೊತೆ ಹೋಗುತ್ತದೆ.