ಕಡತ ಕಳೆದಿಲ್ಲ, ಹುಡುಕಾಟ ತಪ್ಪಿದೆ

ಮಹಾಪೆಯ ಎಂ.ಐ.ಡಿ.ಸಿ. ವಲಯದಲ್ಲಿ ದುಡಿಯುವ ನಮ್ಮ ಗುಮಾಸ್ತ ಬಂಧುಗಳಲ್ಲಿಯೂ ಹೋಟೆಲು ನೌಕರರಲ್ಲಿಯೂ ಮನೆಯಲ್ಲಿ ಕಂಪ್ಯೂಟರ್ ಉಳ್ಳವರು ಇಂದು ಅನೇಕರು. ಊರಿನ ಜಮೀನಿನ ಅರ್ಜಿ, ಸಂಘದ ವರದಿ, ಮನೆಯ ಲೆಕ್ಕ ಎಲ್ಲವೂ ಅದರಲ್ಲಿವೆ. ಬೇಕಾದ ದಿನ ಹುಡುಕಿದರೆ ಮಾತ್ರ ‘ಇಲ್ಲ’ವೆಂಬ ಉತ್ತರ! ಅರ್ಜಿ ನಷ್ಟವಾಯಿತೆಂದು ಹೊಸದಾಗಿ ಬೆರಳಚ್ಚು ಮಾಡುವ ಮುನ್ನ ನಾವು ಎರಡು ಸಂಗತಿಗಳನ್ನು ಪರೀಕ್ಷಿಸುವುದು ಲೇಸು.

ಮೊದಲನೆಯದು ಸೂಚಿ. ವಿಂಡೋಸ್ ಪ್ರತಿ ಸಲವೂ ಡಿಸ್ಕನ್ನೆಲ್ಲ ಜಾಲಾಡುವುದಿಲ್ಲ. ಪುಸ್ತಕದ ಕೊನೆಯ ಅಕಾರಾದಿಯಂತೆ ಮೊದಲೇ ಸಿದ್ಧಪಡಿಸಿದ ಸೂಚಿಯನ್ನು ನೋಡುತ್ತದೆ. ‘ಡಿ’ ಡ್ರೈವಿನ ಕಡತಗಳು ಸಾಮಾನ್ಯವಾಗಿ ಅದರಲ್ಲಿರುವುದಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನ ‘ಇಂಡೆಕ್ಸಿಂಗ್ ಆಪ್ಷನ್ಸ್’ ತೆರೆದು, ‘ಮಾಡಿಫೈ’ ಒತ್ತಿ ಆ ಫೋಲ್ಡರನ್ನು ಸೇರಿಸಬೇಕು. ಆಗಲೂ ದೊರೆಯದಿದ್ದರೆ ‘ಅಡ್ವಾನ್ಸ್ಡ್’ನಲ್ಲಿರುವ ‘ರೀಬಿಲ್ಡ್’ ಒತ್ತಿ, ಸೂಚಿ ಮರಳಿ ಸಿದ್ಧವಾಗುವವರೆಗೆ ಯಂತ್ರವನ್ನು ನಿಲ್ಲಿಸದಿರಬೇಕು.

ಎರಡನೆಯದು ನಮ್ಮ ಭಾಷೆಗೆ ಸಂಬಂಧಿಸಿದ ತೊಡಕು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತಾದರೂ, ಬಹುಕಾಲ ನಾವು ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿಯೇ ಬರೆದೆವು. ಆ ಬರವಣಿಗೆ ಕಣ್ಣಿಗೆ ಕನ್ನಡ. ಯಂತ್ರಕ್ಕಾದರೋ ರೋಮನ್ ಅಕ್ಷರಗಳ ಸಂಕೇತ. ಇಂದು ಯೂನಿಕೋಡಿನಲ್ಲಿ ‘ಪಹಣಿ’ ಎಂದು ಹುಡುಕಿದರೆ ಅದು ಸಿಕ್ಕೀತು ಹೇಗೆ? ಅಂತಹ ಕಡತಗಳ ಪ್ರತಿಯನ್ನು ಪರಿವರ್ತಕದಿಂದ ಯೂನಿಕೋಡಿಗೆ ತಂದು, ಒತ್ತಕ್ಷರಗಳನ್ನು ತಿದ್ದಿ, ಮೂಲವನ್ನೂ ಉಳಿಸಿಕೊಳ್ಳತಕ್ಕದ್ದು. ಅಷ್ಟಕ್ಕೆ ಬಿಡುವಿಲ್ಲದವರು ಕಡತದ ಹೆಸರನ್ನಾದರೂ ‘ಪಹಣಿ ಅರ್ಜಿ 2009’ ಎಂಬಂತೆ ಯೂನಿಕೋಡಿನಲ್ಲಿ ಬದಲಿಸಲಿ. ಒಳಗಿನ ಬರಹ ಸಿಕ್ಕದಿದ್ದರೂ ಹೆಸರು ಸಿಕ್ಕುವುದು.