ಬಸ್ ನಿಲ್ದಾಣಕ್ಕೆ ಬಂದ ಕಿನ್ನರ ರಾಣಿ

ನಡುರಾತ್ರಿ. ಅಮೆರಿಕದ ಮಿನಿಯಾಪೊಲಿಸ್ ನಗರದ ನಿಕೊಲೆಟ್ ಮಾಲ್ ಎಂಬ ಪೇಟೆಬೀದಿ. ಬ್ಯಾಂಡನ್ನೂ ಪ್ರಿಯಕರನನ್ನೂ ಒಂದೇ ರಾತ್ರಿ ಬಿಟ್ಟು ಬಂದ ಎಡ್ಡಿ ಒಬ್ಬಳೇ ಮನೆಯ ಕಡೆ ನಡೆದಿದ್ದಾಳೆ. ಹಿಂದೆ ಯಾರೋ ಒಬ್ಬ ಗಂಡಸು. ತಪ್ಪಿಸಿಕೊಂಡು ಓಡಿದರೆ ಭಾರೀ ಗಾತ್ರದ ಕರಿನಾಯಿ. ಉಸಿರುಗಟ್ಟುವಂತೆ ಓಡಿ ತಿರುಗಿ ನೋಡಿದರೆ, ಆ ಗಂಡಸೂ ಈ ನಾಯಿಯೂ ಒಬ್ಬನೇ!

ಎಮ್ಮಾ ಬುಲ್ 1987ರಲ್ಲಿ ಬರೆದ ‘ವಾರ್ ಫಾರ್ ದಿ ಓಕ್ಸ್’ ಕಾದಂಬರಿ ನಮ್ಮನ್ನು ಒಳಗೆಳೆದುಕೊಳ್ಳುವುದು ಹೀಗೆ. ಮೊದಲ ಕಾದಂಬರಿಗೆ ಕೊಡುವ ಲೋಕಸ್ ಪ್ರಶಸ್ತಿ ಪಡೆದ ಪುಸ್ತಕ ಇದು. ಟ್ರಾಫಿಕ್ ದೀಪಗಳ ನಡುವೆ ಕಿನ್ನರರನ್ನು ಓಡಾಡಿಸುವ ಕಥೆಗಳು ಇಂದು ಲೆಕ್ಕವಿಲ್ಲದಷ್ಟಿವೆ. ಆ ದಾರಿ ತುಳಿದ ಮೊದಲಿಗರಲ್ಲಿ ಇದೂ ಒಂದು. ಆದರೂ ಪುಟ ತಿರುವುತ್ತಿದ್ದರೆ ಎಲ್ಲವೂ ಈಗಷ್ಟೇ ಮೊಳೆತಂತಿದೆ!

ಆ ನಾಯಿ-ಮನುಷ್ಯನೇ ಪೂಕಾ, ಐರ್ಲೆಂಡಿನ ಜನಪದದಲ್ಲಿ ಬೇಕಾದ ರೂಪ ತಾಳಬಲ್ಲವನು. ಸ್ಕಾಟ್ಲೆಂಡಿನ ಹಳ್ಳಿಗರು ಹೆಸರೆತ್ತಲೂ ಅಂಜುತ್ತಿದ್ದ ಸೀಲೀ, ಅನ್‌ಸೀಲೀ ಎಂಬ ಎರಡು ಕಿನ್ನರ ಪಡೆಗಳು ಇಲ್ಲಿ ಒಂದು ನಗರಕ್ಕಾಗಿ ಕಾದಾಡುತ್ತವೆ. ಕಾದಾಟ ಎಲ್ಲಿ ಅಂತೀರಿ? ಮಿನ್ನೆಹಾಹಾ ಜಲಪಾತದ ಬಳಿ! ಜನ ಬುತ್ತಿ ಕಟ್ಟಿಕೊಂಡು ಮಕ್ಕಳೊಂದಿಗೆ ಹೋಗುವ ಪಾರ್ಕು ಅದು.

ಇನ್ನು ಈ ಕಥೆಯ ಹೃದಯಕ್ಕೆ ಬನ್ನಿ. ಕಿನ್ನರರು ಅಮರರು, ತಮ್ಮಷ್ಟಕ್ಕೆ ತಾವೇ ಹೊಡೆದಾಡಿದರೆ ಯಾರೂ ಸಾಯುವುದಿಲ್ಲ, ಯಾವ ಯುದ್ಧವೂ ತೀರ್ಮಾನವಾಗುವುದಿಲ್ಲ. ರಣರಂಗದಲ್ಲಿ ಸಾವುಳ್ಳ ಮನುಷ್ಯಜೀವವೊಂದು ನಿಂತಿದ್ದರೆ ಮಾತ್ರ ಅವರ ಗಾಯಗಳು ಸಾವು ತರುತ್ತವೆ. ಎಡ್ಡಿ ಬೇಕಾಗಿರುವುದು ಅದಕ್ಕೇ! ಅವಳಲ್ಲಿ ಮಂತ್ರವಿಲ್ಲ, ರಾಜವಂಶದ ರಕ್ತವಿಲ್ಲ. ಸಾಯಬಲ್ಲಳು, ಅಷ್ಟೇ. ಅಮರರ ಬಳಿ ಇಲ್ಲದ ಸಿರಿ ಅದೊಂದೇ ಎಂದು ಹೊಳೆದ ಕ್ಷಣ ಮೈ ಜುಮ್ಮೆಂದಿತು.

ಪ್ರೇಮವೂ ಹುಟ್ಟುವುದು ಅಲ್ಲಿಂದಲೇ. ಅವಳನ್ನು ಆರಿಸಿ ಈ ಅಪಾಯಕ್ಕೆ ಎಳೆದು ತಂದ ಪೂಕಾನೇ ಅವಳ ಕಾವಲುಗಾರ. ಝಗಮಗಿಸುವ ಬಟ್ಟೆ ತೊಟ್ಟು, ಮಾತಿನ ಮಳೆ ಸುರಿಸುತ್ತ, ಅವಳ ಮನೆಯಲ್ಲೇ ಠಿಕಾಣಿ ಹೂಡುತ್ತಾನೆ. ಅವಳನ್ನು ಬಲಿಗೆ ತಂದಿದ್ದೇನೆಂಬ ಅರಿವು, ಅವಳು ಬದುಕಲೇಬೇಕೆಂಬ ಹಂಬಲ, ಎರಡೂ ಅವನೊಳಗೆ ಒಟ್ಟಿಗೆ ಬೆಳೆಯುತ್ತವೆ. ಮೊದಲು ಎಡ್ಡಿಯ ಕಣ್ಣು ಚೆಲುವ ವಿಲ್ಲಿ ಸಿಲ್ವರ್ ಕಡೆಗೆ ಜಾರುತ್ತದೆ; ಅವನು ಯಾರೆಂದು ನಾನು ಹೇಳಲಾರೆ, ಓದಿಯೇ ತಿಳಿಯಬೇಕು.

ಎಡ್ಡಿ ಹೊಸ ಬ್ಯಾಂಡ್ ಕಟ್ಟುತ್ತಾಳೆ. ಅದರ ಸಂಗೀತದ ಪುಟಗಳಲ್ಲಿ ಡ್ರಮ್ಮಿನ ಪೆಟ್ಟು ಎದೆಗೇ ಬೀಳುತ್ತದೆ. ಬೀಳದೇ ಇರುತ್ತದೆಯೇ? ಎಮ್ಮಾ ಬುಲ್ ಸ್ವತಃ ‘ಕ್ಯಾಟ್ಸ್ ಲಾಫಿಂಗ್’ ಬ್ಯಾಂಡಿನಲ್ಲಿ ಹಾಡಿದವರು!

ಕೊನೆಯ ಹಣಾಹಣಿ ನಡೆಯುವುದು ಫಸ್ಟ್ ಅವೆನ್ಯೂ ಕ್ಲಬ್ಬಿನಲ್ಲಿ. 1937ರಲ್ಲಿ ಗ್ರೇಹೌಂಡ್ ಬಸ್ ನಿಲ್ದಾಣವಾಗಿ ಎದ್ದ ಕಟ್ಟಡ, 1970ರಲ್ಲಿ ಸಂಗೀತದ ತಾಣವಾಯಿತು. ಮಿನಿಯಾಪೊಲಿಸ್‌ನವರೇ ಆದ ಪ್ರಿನ್ಸ್ ಅವರ 1984ರ ‘ಪರ್ಪಲ್ ರೇನ್’ ಚಿತ್ರ ಅದನ್ನು ಜಗತ್ತಿಗೆಲ್ಲ ತೋರಿಸಿತು. ಅದೇ ಕ್ಲಬ್ಬಿನಲ್ಲಿ ಅನ್‌ಸೀಲೀ ಎಂಬ ಕತ್ತಲ ಪಡೆಯ ರಾಣಿಗೆ ಎದುರಾಗಿ ಎಡ್ಡಿ ನಿಲ್ಲುತ್ತಾಳೆ, ಕೈಯಲ್ಲಿ ಕತ್ತಿಯಲ್ಲ, ಎಲೆಕ್ಟ್ರಿಕ್ ಗಿಟಾರ್! ಕ್ಲಬ್ ಇಂದಿಗೂ ಅಲ್ಲೇ ಇದೆ, ಟಿಕೆಟ್ ಕೊಂಡರೆ ಯಾರು ಬೇಕಾದರೂ ಒಳಗೆ ಹೋಗಬಹುದು.