ಮನೆ ಮಾರಲು ಯಾವ ಕಾಲ ಒಳ್ಳೆಯದು?

ಬೇಸಿಗೆ ರಜೆಗೆ ನಾಯಕನಹಟ್ಟಿಗೆ ಬಂದ ಮೊಮ್ಮಗಳು ಕೇಳಿದಳು: "ತಾತ, ಮಾವಿಗೊಂದು ಕಾಲ, ಹುಣಸೆಗೊಂದು ಕಾಲ. ಮನೆ ಮಾರೋಕೂ ಒಂದು ಕಾಲ ಇದೆಯಾ?"

ಇದೆ ಮಕ್ಕಳೇ. ನಮ್ಮ ಚಳ್ಳಕೆರೆ ಸೀಮೆಯಲ್ಲಿ ಆ ಕಾಲವನ್ನು ಹೇಳುವುದು ಶೇಂಗಾ. ಮುಂಗಾರಿನಲ್ಲಿ ಬೀಜ, ಗೊಬ್ಬರ, ಕೂಲಿ ಎಂದು ರೈತನ ಹಣವೆಲ್ಲ ಹೊಲಕ್ಕೆ ಸೇರಿರುತ್ತದೆ. ಜೊತೆಗೆ ಆಷಾಢ ಬಂತೆಂದರೆ ಮನೆ ಕೊಳ್ಳುವ ಮಾತನ್ನೇ ಹಲವರು ಎತ್ತುವುದಿಲ್ಲ. ಆಗ ಮಾರಲು ಹೊರಟರೆ ಅವರು ಕೇಳಿದ ಬೆಲೆಗೆ ಕೊಡಬೇಕಾದೀತು. ದೀಪಾವಳಿಯ ಆಚೀಚೆ ಬೆಳೆ ಕಿತ್ತು, ಮಾರಿ, ದುಡ್ಡು ಕೈಗೆ ಬಂದ ಮೇಲೆ ವಿಚಾರಿಸುವವರು ಹೆಚ್ಚು. ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಈ ಏರಿಳಿತವನ್ನು ವರ್ಷವರ್ಷವೂ ಕಂಡಿದ್ದೇನೆ. ಮಳೆ ಕೈಕೊಟ್ಟ ವರ್ಷ ಮಾತ್ರ ಈ ಲೆಕ್ಕ ನಡೆಯುವುದಿಲ್ಲ.

ನಮ್ಮಪ್ಪ ಕಟ್ಟಿಸಿದ್ದು ಮಾಳಿಗೆ ಮನೆ. ತೊಲೆ, ಜಂತೆ, ಮೇಲೆ ಮಣ್ಣು. ದೀಪಾವಳಿ ಕಳೆದ ಮೇಲೆ ನೋಡಲು ಬಂದವರು ಮೆಚ್ಚಿದರು. ಅಡುಗೆಮನೆಯ ಮೂಲೆ ಮಳೆಗೆ ಸೋರುತ್ತದೆಂದು ನಾನೇ ಹೇಳಿದೆ. ಬೆಲೆ ಸ್ವಲ್ಪ ಇಳಿಯಿತು, ಆದರೆ ರಾತ್ರಿ ನಿದ್ದೆ ಬಂತು.

ಆದರೂ ಕ್ರಯಪತ್ರ ಆಗಲಿಲ್ಲ. ಅಪ್ಪ ಉಯಿಲು ಬರೆದಿರಲಿಲ್ಲ. ಅಂಥ ಸ್ವಂತ ಗಳಿಕೆಯ ಆಸ್ತಿಯಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮಗಳಿಗೂ ಪಾಲುಂಟು. 2005ರ ತಿದ್ದುಪಡಿ ಪಿತ್ರಾರ್ಜಿತದಲ್ಲೂ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಊರವರ ಕಾಗದ ತಿದ್ದಿದ ನಾನು ನನ್ನ ತಂಗಿಯನ್ನೇ ಕೇಳಿರಲಿಲ್ಲ!

ಫಾಲ್ಗುಣದಲ್ಲಿ ತಿಪ್ಪೇರುದ್ರಸ್ವಾಮಿಯ ತೇರಿಗೆ ಅವಳು ಬಂದಳು. ವಿಷಯ ಕೇಳಿ, "ಸಹಿ ಬೇಕಾದಾಗ ನೆನಪಾದ್ನಾ ಅಣ್ಣ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ತಪ್ಪಾಯಿತು ಎಂದೆ. ಎರಡು ದಿನ ಮನೆಯಲ್ಲೇ ಇದ್ದು, ಕೋಣೆ ಕೋಣೆ ನೋಡಿ, ಮೂರನೆಯ ದಿನ ಒಪ್ಪಿದಳು. ಹಣ ಸಮಪಾಲು. ಅದರ ಮೇಲೆ ಅವಳು ಕೇಳಿದ್ದು ಅವ್ವನ ಒರಳುಕಲ್ಲು ಒಂದನ್ನೇ.

ಹಿರಿಯರೇ, ಮನೆ ಮಾರುವ ಯೋಚನೆಯಿದ್ದರೆ ಮಳೆಗಾಲದಲ್ಲೇ ಖಾತೆ, ಋಣಭಾರ ಪತ್ರ, ಕಂದಾಯದ ರಸೀದಿ ಹೊಂದಿಸಿಕೊಳ್ಳಿ. ಸೋರುವ ಜಾಗವೂ ಆಗಲೇ ಕಾಣುತ್ತದೆ. ಅದಕ್ಕೂ ಮೊದಲು ಪಾಲುದಾರರನ್ನೆಲ್ಲ ಕೂರಿಸಿ ಮಾತಾಡಿ. ಹಬ್ಬಕ್ಕೋ ಜಾತ್ರೆಗೋ ಎಲ್ಲರೂ ಸೇರಿದಾಗ ಕೇಳಿದರೆ ಇನ್ನೂ ಒಳ್ಳೆಯದು. ಕೊಳ್ಳುವವರನ್ನು ಆಮೇಲೆ ಹುಡುಕಿ.

"ಹಾಗಾದ್ರೆ ಮುಂದಿನ ರಜೆಗೆ ಎಲ್ಲಿಗೆ ಬರೋದು ತಾತ?" ಎಂದಳು ಮೊಮ್ಮಗಳು.

ಒರಳುಕಲ್ಲು ಇರುವ ಮನೆಗೆ. ಅಜ್ಜಿ ಆಗಲೇ ಕರೆದಿದ್ದಾಳೆ.